ಚಾದರದ ನಾಲ್ಕನೆಯ ತುದಿ

ಗಾಂಧಿನಗರ, ಮೈಸೂರು
16 ಸೆಪ್ಟೆಂಬರ್ 2018, ಭಾನುವಾರ

ಪ್ರೀತಿಯ ಜೈಬು,

ಹೇಗಿದ್ದೀಯೇ? ಜೂನ್‌ನಲ್ಲಿ ಬಂದ ನಿನ್ನ ಕಾಗದಕ್ಕೆ ಸೆಪ್ಟೆಂಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈದುಕೋ. ಬೀದರಿನಿಂದ ಬೈದರೆ ಮೈಸೂರಿಗೆ ಬರುವಷ್ಟರಲ್ಲಿ ಬಿಸಿ ಆರಿರುತ್ತದೆ ಎಂಬ ಧೈರ್ಯ ನನಗೆ. ಮೊಣಕಾಲು ಹೇಗಿದೆ? ನಿವೃತ್ತಿಯಾದ ಮೇಲೂ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇನೆ ಎಂದು ಬರೆದಿದ್ದೆ. ಕಲಿಸು. ನಿನ್ನ ಹಾಗೆ ದುಂಡಗೆ ಬರೆಯುವುದನ್ನೂ ಕಲಿಸು, ನನ್ನ ಹಾಗೆ ಗಟ್ಟಿಯಾಗಿ ಓದುವುದನ್ನೂ ಕಲಿಸು.

ತಡವಾದದ್ದು ಚುನಾವಣೆಯಿಂದ. ಮಹಾನಗರಪಾಲಿಕೆಗೆ ಈ ಸಲ ನಮ್ಮ ಊದುಬತ್ತಿ ಹೊಸೆಯುವ ಹೆಂಗಸರ ಸಂಘದಿಂದಲೇ ಒಬ್ಬಳನ್ನು ನಿಲ್ಲಿಸಿದೆವು. ಕುಲ್ಸುಂಬಿ. ನೀನು ಊರು ಬಿಟ್ಟಾಗ ಅವಳು ಅಮ್ಮನ ತೊಡೆಯ ಮೇಲೆ ಕೂತು ಬಿದಿರು ಕಡ್ಡಿ ಕಚ್ಚುತ್ತಿದ್ದ ಕೂಸು. ಈಗ ಮೂವತ್ತು ದಾಟಿದೆ, ಇಬ್ಬರು ಮಕ್ಕಳು, ಗಂಡ ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ನೀನು ನಾನು ಸೇರಿ ಆ ಶೀಟಿನ ಮನೆಯಲ್ಲಿ ಸಂಘ ಕಟ್ಟಿದಾಗ ಕನಸು ಕಂಡಿದ್ದೆವಲ್ಲ, ನಮ್ಮಲ್ಲೊಬ್ಬಳು ಪಾಲಿಕೆಯ ಸಭೆಯಲ್ಲಿ ಮೇಜು ಗುದ್ದಿ ಮಾತಾಡಬೇಕು ಅಂತ. ಅವಳೇ ಇವಳು ಅಂದುಕೋ.

ನಿನ್ನ ಕಾಗದದ ಕೊನೆಯ ಸಾಲು ಈ ಸಲವೂ ಅದೇ ಇತ್ತು: ‘ಉರುಸಿನಲ್ಲಿ ನಿನ್ನ ತುದಿ ಯಾರು ಹಿಡಿಯುತ್ತಾರೆ, ಬರೆ.’ ಇಪ್ಪತ್ತೊಂಬತ್ತು ವರ್ಷ, ಇಪ್ಪತ್ತೊಂಬತ್ತು ಸಲ ಇದೇ ಪ್ರಶ್ನೆ. ನಾನೂ ಪ್ರತಿ ಸಲ ಕೊಂಕು ಉತ್ತರ ಬರೆದು ಕಳಿಸಿದ್ದೇನೆ. ಈ ವರ್ಷ ಖಾದಿ ಹಿಡಿಯಿತು, ಈ ವರ್ಷ ಸಫಾರಿ ಹಿಡಿಯಿತು, ಈ ವರ್ಷ ಚಿನ್ನದ ಕಡಗ ಹಿಡಿಯಿತು. ನಿನಗೆ ರಾಜಕೀಯದ ಸುದ್ದಿ ಬೇಕು ಅಂದುಕೊಂಡಿದ್ದೆ ಕಣೇ.

ಈ ಸಲದ ಉತ್ತರ ಉದ್ದ ಇದೆ. ಕೂತುಕೊಂಡು ಓದು.

ಸಂಘದ ಹೊಸ ಹುಡುಗಿಯರಿಗೆ ಆ ತುದಿಯ ಕಥೆ ಗೊತ್ತೇ ಇರಲಿಲ್ಲ. ನಿಮ್ಮಪ್ಪ ನಮ್ಮಿಬ್ಬರನ್ನು ಕೂರಿಸಿಕೊಂಡು ಹೇಳುತ್ತಿದ್ದ ಹಾಗೇ ಹೇಳಿದೆ. ಪ್ಲೇಗಿನ ವರ್ಷ. ಊರು ಬಿಟ್ಟು ಜನ ಗುಡಿಸಲು ಹಾಕಿಕೊಂಡಿದ್ದಾರೆ. ನಿಮ್ಮ ವಂಶದ ಹಿರಿಯರು, ರೋಗಿಗಳ ಬಾಯಿಗೆ ನೀರು ಬಿಡುತ್ತಾ ಅದೇ ರೋಗಕ್ಕೆ ಹೋಗಿಬಿಟ್ಟರು. ಹೆಣ ಮುಟ್ಟುವವರಿಲ್ಲ, ಹೊರುವುದಕ್ಕೆ ಚಟ್ಟವಿಲ್ಲ. ಒಂದು ಬಟ್ಟೆಯ ಮೇಲೆ ಮಲಗಿಸಿ ನಾಲ್ಕು ಜನ ನಾಲ್ಕು ತುದಿ ಹಿಡಿದು ಹೊತ್ತರು. ಒಬ್ಬ ಜಟಕಾ ಹೊಡೆಯುವ ಸಾಬರು, ಒಬ್ಬ ದರ್ಜಿ, ಒಬ್ಬರು ದಿನಸಿ ಅಂಗಡಿಯ ಲಿಂಗಾಯತರು ಕರಿಬಸವಯ್ಯ, ನಾಲ್ಕನೆಯವಳು ನಮ್ಮಜ್ಜಿಯ ಅಮ್ಮ, ಹಿರಿ ಮಂಚಮ್ಮ. ಗಂಡ ಗುಡಿಸಲಲ್ಲಿ ಗಡ್ಡೆ ಎದ್ದು ಬಿದ್ದಿದ್ದಾನೆ, ಗುಂಡಿ ತೋಡಿದವಳೂ ಅವಳೇ. ಬಾವಿ ಹತ್ತಿರ ಸುಳಿದರೆ ಮೈಲಿಗೆ ಎನ್ನುತ್ತಿದ್ದ ಊರಿನಲ್ಲಿ ಒಬ್ಬ ಹೊಲೆಯರ ಹೆಂಗಸಿನ ಕೈ ಸೈಯದರ ಹೆಣ ಹೊತ್ತಿತು. ಅಂದಿನಿಂದ ಉರುಸಿನ ದಿನ ಗೋರಿಗೆ ಹೊದಿಸುವ ಚಾದರಕ್ಕೆ ನಾಲ್ಕು ತುದಿ, ನಾಲ್ಕು ಮನೆ. ಗೋರಿಯ ಒಳಾಂಗಣಕ್ಕೆ ಹೆಂಗಸರು ಕಾಲಿಡುವ ಹಾಗಿಲ್ಲ, ನಿಮ್ಮ ಮನೆಯ ಹೆಣ್ಣುಮಕ್ಕಳೂ ಕಿಂಡಿ ಕೊರೆದ ಜಾಲಿ ಕಲ್ಲಿನಾಚೆಯೇ ನಿಲ್ಲಬೇಕು. ನಾಲ್ಕನೆಯ ತುದಿಗೆ ಮಾತ್ರ ಆ ಕಟ್ಟಳೆ ಇಲ್ಲ. ತುದಿಯ ಮನೆಯವರು ತಾವೇ ಬರಬಹುದು, ಇಲ್ಲವೇ ತಮ್ಮ ಪರವಾಗಿ ಯಾರನ್ನಾದರೂ ಕಳಿಸಬಹುದು. ಬಂದವರು ಅವತ್ತಿನ ಮಟ್ಟಿಗೆ ಆ ಮನೆಯವರೇ.

ನಮ್ಮಪ್ಪ ಸಾಯುವ ತನಕ ಹಿಡಿದ. ಆಮೇಲೆ ನನ್ನ ಸರದಿ ಬಂತು. ನಾನು ಹೋಗಲಿಲ್ಲ. ಗೋರಿಗೆ ಬಟ್ಟೆ ಹೊದಿಸುವ ಮೊದಲು ಬದುಕಿರುವವರ ಮೈಗೆ ಹೊದಿಸಿ ಎಂದು ಕರಪತ್ರ ಹಂಚಿದವಳು ನಾನು. ಆ ಕರಪತ್ರವನ್ನು ಉರ್ದುವಿಗೆ ತಂದವಳು ನೀನೇ. ಈಗಲೂ ಆ ಮಾತಿನ ಒಂದಕ್ಷರವನ್ನೂ ಹಿಂದಕ್ಕೆ ತಗೊಳ್ಳುವುದಿಲ್ಲ. ಆದರೆ ಖಾಲಿ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ ಅನ್ನುವುದನ್ನು ಮೂವತ್ತು ವರ್ಷ ಚಳವಳಿ ಮಾಡಿದವಳು ಮರೆತುಬಿಟ್ಟೆ ನೋಡು. ನಾನು ಬಿಟ್ಟ ತುದಿಗೆ ರಾಜಕಾರಣಿಗಳು ಬಂದು ನಿಂತರು.

ಈಗ ಎಂಟು ವರ್ಷದಿಂದ ಯೋಗೇಂದ್ರ. ಎರಡು ಸಲ ನಮ್ಮ ವಾರ್ಡಿನ ಸದಸ್ಯ. ನಮಗೆ ಕಡ್ಡಿ, ಮಸಾಲೆ ಹಿಟ್ಟು ಕೊಟ್ಟು ಊದುಬತ್ತಿ ಹೊಸೆಸಿಕೊಳ್ಳುವ ಗುತ್ತಿಗೆದಾರನೂ ಅವನೇ. ಕೂಲಿ ಹೆಚ್ಚಿಸಿ ಅಂದರೆ ಮುಷ್ಟಿ ಕಟ್ಟುವ ಕೈ, ಚಾದರ ಹಿಡಿದ ಫೋಟೊದಲ್ಲಿ ಎಷ್ಟು ಮೆತ್ತಗೆ ಕಾಣುತ್ತದೆ ಅಂತೀಯ! ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ‘ಹಜರತ್ ತುದಿ ಕೊಟ್ಟವ್ರೆ’ ಅಂತ ಬೀದಿ ಮಾತಾಡಿಕೊಳ್ಳುತ್ತದೆ. ನಿನ್ನ ತಮ್ಮ ಮುರ್ತುಜಾ ನಿಮ್ಮಪ್ಪನ ಜಾಗದಲ್ಲಿ ದರ್ಗಾದ ಹಜರತ್ ಆಗಿ ಇಷ್ಟು ವರ್ಷದಲ್ಲಿ ಒಂದು ಸಲವೂ ಬಾಯಿಬಿಟ್ಟು ಓಟಿನ ಮಾತಾಡಿಲ್ಲ. ಆಡುವ ಅಗತ್ಯವೇ ಬೀಳಲಿಲ್ಲ.

ಮತದಾನಕ್ಕೆ ಎರಡು ವಾರ ಇದೆ ಅನ್ನುವಾಗ ಅವನ ಹತ್ತಿರ ಜಗಳಕ್ಕೆ ಹೋದೆ. ಜಗಲಿಯ ಮೇಲೆ ಕೂತು ತಾಯಿತಕ್ಕೆ ದಾರ ಪೋಣಿಸುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ನನ್ನ ಕಣ್ಣಿಗೆ ಈಗಲೂ ನಿನ್ನ ಸೆರಗು ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದು ಬೆಲ್ಲ ಕೇಳುತ್ತಿದ್ದ ಹುಡುಗನೇ.

“ಬಾ ಮಂಚಕ್ಕ. ಜಗಳಕ್ಕಾ, ಚಾಕ್ಕಾ?” ಅಂದ.

“ಎರಡಕ್ಕೂ. ಮೊದ್ಲು ಜಗಳ,” ಅಂದೆ. “ನಿಮ್ ಮನೆತನ ಜನದ ಓಟ್ನ ಬಟ್ಟೇಲಿ ಗಂಟು ಕಟ್ಟಿ ಅವ್ನ ಕೈಗೆ ಕೊಡ್ತಾ ಅದೆ ಕಣೋ. ನಿಮ್ಮಪ್ಪ ನೋಡಿದ್ರೆ ಏನನ್ನೋರು?”

ಅವನು ಸಿಟ್ಟಾಗಲಿಲ್ಲ. ದಾರ ಕೆಳಗಿಟ್ಟ.

“ಹೋದ ವರ್ಷ ಮೆರವಣಿಗೇಲಿ ಕಲ್ಲು ಬಿತ್ತಲ್ಲಕ್ಕ. ಎಸೆದೋರು ಯಾರೋ, ನಮ್ಮ ಬೀದೀಲಿ ಹನ್ನೆರಡು ಜನಾನ ಎತ್ತಾಕ್ಕೊಂಡ್ ಹೋದ್ರು. ಅವತ್ತು ನಿನ್ ಸಂಘದ ಮನವಿ ಸ್ಟೇಷನ್ನಿನ ಮೇಜಿನ ಮೇಲಿತ್ತು. ನನ್ ಫೋನು ಯೋಗೇಂದ್ರಂಗೆ ಹೋಯ್ತು. ಸಂಜೆಗೆ ಹನ್ನೆರಡೂ ಜನ ಮನೇಗ್ ಬಂದ್ರು. ಅವ್ರ ತಾಯಂದ್ರು ಇದೇ ಜಗಲಿ ಮೇಲೆ ಕೂತು ಅಳ್ತಾ ಇದ್ರು. ಹೇಳಕ್ಕ, ನಾನ್ ಯಾವ್ ತುದಿ ಹಿಡೀಬೇಕಿತ್ತು?”

“ಎತ್ತಾಕ್ಕೊಂಡ್ ಹೋಗಿಸ್ದೋರು, ಬಿಡಿಸ್ದೋರು, ಇಬ್ರೂ ಒಂದೇ ಪಂಕ್ತೀಲಿ ಉಣ್ಣೋರು ಕಣಯ್ಯ.”

“ಗೊತ್ತಕ್ಕ. ಗೊತ್ತಿದ್ದೂ ಫೋನ್ ಮಾಡ್ಬೇಕು. ಹಜರತ್ ಅಂದ್ರೆ ಇದೇ ಕೆಲ್ಸ.”

ಜೈಬು, ಪೀರರ ಮನೆತನಗಳು ಓಟು ಮಾರಿಕೊಂಡು ಕೊಬ್ಬಿವೆ ಎಂದು ಎಷ್ಟು ಸಭೆಯಲ್ಲಿ ಕೂಗಿದ್ದೇನೆ. ಅವನ ಜಗಲಿಯ ಕಂಬಕ್ಕೆ ಸುಣ್ಣ ಬಳಿಸಲೂ ಆಗಿಲ್ಲ. ಹೌದು, ಅವನ ಮಗ ರೌಫ್ ಪಾರ್ಟಿಯ ಪದಾಧಿಕಾರಿ ಆಗಿದ್ದಾನೆ, ಕಾರಿನಲ್ಲಿ ಓಡಾಡುತ್ತಾನೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ಮನುಷ್ಯ ಹೆದರಿದ್ದಾನೆ ಕಣೇ. ತನಗಾಗಿ ಹೆದರಿದ್ದರೆ ಬೈದು ಬರುತ್ತಿದ್ದೆ. ಇಡೀ ಬೀದಿಯ ಪರವಾಗಿ ಒಬ್ಬನೇ ಹೆದರಿಕೊಂಡು ಕೂತಿದ್ದಾನೆ.

ಚಹಾ ಬಂತು. ಲೋಟ ನನ್ನ ಕೈಗೆ ಕೊಡುತ್ತಾ ಅಂದ: “ನಾನು ಅವನ್ನ ಬ್ಯಾಡ ಅನ್ನಕ್ಕಾಗಲ್ಲ. ನೀನ್ ಅನ್ನಬೋದು. ತುದಿ ನಿಂದು. ಮೂರು ಸಲ ಕೂಗಿದ್ರೂ ನಿಮ್ಮನೆಯೋರು ಬರ್ದಿದ್ರೆ ತಾನೇ ಬೇರೆಯೋರು ಹಿಡಿಯೋದು. ಹೆಸರು ಕೂಗ್ದಾಗ ಓಗೊಡು, ಅಷ್ಟೇ ಸಾಕು. ಆಮೇಲೆ ಅಲ್ಲಿ ಯಾವ ಮಂತ್ರಿ ಬಂದ್ರೂ ನಿಲ್ಲಕ್ಕಾಗಲ್ಲ.”

“ಹೆಸರು ಇನ್ನೂ ಕೂಗ್ತೀರಾ?”

“ನಿಲ್ಸಿಲ್ಲಕ್ಕ,” ಅಂದ.

ಮಾರನೇ ದಿನ ಸಂಘದಲ್ಲಿ ವಿಷಯ ಇಟ್ಟೆ. ಸಿದ್ದಲಿಂಗಮ್ಮ ಗೊತ್ತಲ್ಲ, ಬಾಯಿಗೆ ಬೀಗ ಇಲ್ಲದವಳು, ಹಿಟ್ಟು ಕಲಸುತ್ತಲೇ ಅಂದಳು: “ಮೂವತ್ತು ವರ್ಷ ಭಾಷ್ಣ ಮಾಡಿ ಗಂಟ್ಲು ಹರ್ಕೊಂಡೆ. ಒಂದಿನ ಬಟ್ಟೆ ಹಿಡ್ಕೊಂಡ್ರೆ ಕೈ ಹರ್ದೋಯ್ತದಾ? ಹೋಗಕ್ಕ, ಹಿಡ್ಕೊಂಬುಡು!” ಎಲ್ಲರೂ ನಕ್ಕರು. ಕುಲ್ಸುಂಬಿ ನಗಲಿಲ್ಲ.

“ಬ್ಯಾಡ ಮಂಚಕ್ಕ,” ಅಂದಳು. “ಚಾದರ ನೋಡಿ ಓಟ್ ಹಾಕ್ಬ್ಯಾಡಿ, ನಲ್ಲಿ ನೋಡಿ ಹಾಕಿ, ನಿಮ್ ಕೂಲಿ ನೋಡಿ ಹಾಕಿ ಅಂತ ಮನೆಮನೆಗೂ ಹೇಳ್ಕೊಂಡ್ ಬಂದಿದೀನಿ. ನೀನೋಗಿ ಅಲ್ಲಿ ನಿಂತ್ರೆ ನನ್ ಮಾತು ಎಲ್ಲೋಗಿ ನಿಲ್ಲುತ್ತೆ? ಇವತ್ತು ಚಾದರದಿಂದ ಗೆದ್ರೆ ನಾಳೆ ನಾನೂ ಅದೇ ಚಾದರದ ಮುಂದೆ ಸಾಲು ನಿಲ್ಬೇಕು.”

ಸರಿ, ಹೋಗಲ್ಲ ಅಂತ ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಆದರೂ ಹೋದೆ.

ಬಕ್ರೀದ್ ಕಳೆದ ಐದನೇ ದಿನ, ಸೋಮವಾರ, ಓಟಿಗೆ ಇನ್ನು ನಾಲ್ಕೇ ದಿನ. ಅಸರ್ ನಮಾಜು ಮುಗಿದು ಬಿಸಿಲು ಇಳಿಯುತ್ತಿತ್ತು. ದೂರದಿಂದ ನೋಡಿ ಬರುತ್ತೇನೆ ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡು ಜಾಲಿ ಕಲ್ಲಿನ ಹತ್ತಿರ ಹೆಂಗಸರ ನಡುವೆ ನಿಂತೆ. ಯೋಗೇಂದ್ರ ಆಗಲೇ ತಲೆಗೆ ಕರ್ಚೀಫು ಕಟ್ಟಿಕೊಂಡು ಬಂದಿದ್ದ. ರೌಫ್ ಫೋಟೊದವರನ್ನು ಸಾಲಾಗಿ ನಿಲ್ಲಿಸುತ್ತಿದ್ದ.

ಮುರ್ತುಜಾ ಕೂಗಲು ಶುರುಮಾಡಿದ. ಜಟಕಾದವರ ಮನೆ: ಆಟೋ ಓಡಿಸುವ ಮೊಮ್ಮಗ ಬಂದು ಒಂದು ತುದಿ ಹಿಡಿದ. ದರ್ಜಿಗಳ ಮನೆ: ಹಿಡಿದರು. ಕರಿಬಸವಯ್ಯನವರ ಮನೆ: ಅವರ ಮರಿಮಗ ವಾಗೀಶ ಬ್ಯಾಂಕಿನಿಂದ ನೇರ ಬಂದಿದ್ದ, ಹಣೆಯ ಮೇಲೆ ಬೆಳಗಿನ ವಿಭೂತಿ ಹಾಗೇ ಇತ್ತು, ಹಿಡಿದ.

“ಮಂಚಮ್ಮನ ಮನೆಯವರು ಇದ್ದೀರಾ?”

ಜೈಬು, ನನ್ನ ಹೆಸರು ಕಣೇ. ಹಿರಿಯಜ್ಜಿಯ ಹೆಸರು, ನನ್ನ ಹೆಸರು. ನಾನಿಲ್ಲದ ಜಾಗದಲ್ಲಿ ವರ್ಷಾ ವರ್ಷ ಹೀಗೆ ಕೂಗಿದ್ದಾರೆ. ಈ ಊರಿನಲ್ಲಿ ನಮ್ಮವರ ಹೆಸರನ್ನು ಯಾರು ಗೌರವದಿಂದ ಕೂಗಿದ್ದಾರೆ ಹೇಳು? ಬೈಯಲು ಕೂಗಿದ್ದಾರೆ, ಸತ್ತ ದನ ಎತ್ತಲು ಕೂಗಿದ್ದಾರೆ, ಚರಂಡಿಗೆ ಇಳಿಸಲು ಕೂಗಿದ್ದಾರೆ. ಇಲ್ಲಿ ನೂರಿಪ್ಪತ್ತು ವರ್ಷದಿಂದ ನೀವು ಬನ್ನಿ ಅಂತ ಕೂಗುತ್ತಿದ್ದಾರೆ, ನಾನು ಗಾಂಧಿನಗರದಲ್ಲಿ ಕೂತು ಅವರ ವಿರುದ್ಧ ಕರಪತ್ರ ಬರೆಯುತ್ತಿದ್ದೆ.

ಎರಡನೇ ಸಲ ಕೂಗಿದ. ಹೆಂಗಸರ ನಡುವಿನಿಂದ ಮುಂದೆ ಸರಿದೆ. ಯೋಗೇಂದ್ರ ಆಗಲೇ ಕೈ ಚಾಚಿದ್ದ. ಮೂರನೇ ಸಲ ಕೂಗುವಾಗ ಮುರ್ತುಜಾ ಜಾಲಿಯ ಕಡೆ ತಿರುಗಿದ.

“ಇದ್ದೀವಿ,” ಅಂದೆ.

ಜನ ದಾರಿ ಬಿಟ್ಟರು. ಯೋಗೇಂದ್ರನ ಮುಖ ನೋಡಬೇಕಿತ್ತು ನೀನು. ಹಲ್ಲು ಬಿಟ್ಟುಕೊಂಡೇ ಕೇಳಿದ: “ಏನ್ ಮಂಚಮ್ಮೋರೇ, ದೇವ್ರು ದಿಂಡ್ರು ಇಲ್ಲ ಅಂತಿದ್ರಿ?”

“ಈಗ್ಲೂ ಇಲ್ಲ ಅಂತೀನಿ ಯೋಗೇಂದ್ರಪ್ಪ. ಆದ್ರೆ ನಮ್ಮಜ್ಜಿ ಇದ್ಲು.”

ಜಾಲಿಯ ಹಿಂದಿನಿಂದ ಯಾರೋ ಹೆಂಗಸು ಕೂಗಿದಳು: “ಬುಡಿ ಸಾಮಿ, ಎಂಟ್ ವರ್ಷ ಹೆಂಗಸ್ರ ಜಾಗ್ದಲ್ಲಿ ನಿಂತಿದ್ರಿ, ಕಾಲ್ ನೋಯ್ತಿರ್ಬೇಕು!” ದರ್ಗಾದಲ್ಲಿ ಅಷ್ಟು ದೊಡ್ಡ ನಗು ನಾನು ಕೇಳಿರಲಿಲ್ಲ. ಮುರ್ತುಜಾ ಗಡ್ಡದೊಳಗೆ ನಕ್ಕ.

ಹಿಡಿದೆ. ಗುಲಾಬಿ ನೀರು, ಗಂಧ ಹೀರಿಕೊಂಡು ಚಾದರ ನೆನೆದ ಕಂಬಳಿಯಷ್ಟು ಭಾರ ಇತ್ತು. ಬೆಳಿಗ್ಗೆಯೆಲ್ಲ ಊದುಬತ್ತಿ ಹೊಸೆದ ನನ್ನ ಬೆರಳಿನ ಇದ್ದಿಲ ಮಸಿ ಹಸಿರು ಅಂಚಿಗೆ ಮೆತ್ತಿತು, ಯಾರೂ ಬೇಸರಪಡಲಿಲ್ಲ. ಹಿರಿಯರ ಗೋರಿಯ ಮೇಲೆ ಹಾಸಿ, ಆಮೇಲೆ ಪಕ್ಕದ ಗೋರಿಗೆ ಒಂದು ಸಲ ತಾಗಿಸುತ್ತಾರೆ. ಅದು ನಿಮ್ಮಪ್ಪನದು. ನೀನು ನೋಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಚಿಕ್ಕದಾಗಿದೆ, ಬಿಳಿ ಕಲ್ಲು, ತಲೆಯ ಕಡೆ ಸಣ್ಣ ಬಿರುಕು. ಕಾಲ ಕಡೆ ಯಾರೋ ತುಳಸಿ ಜಾತಿಯ ಗಿಡ ನೆಟ್ಟಿದ್ದಾರೆ, ಕಾಮಕಸ್ತೂರಿ ಇರಬೇಕು.

ಕುಲ್ಸುಂಬಿ ಗೆದ್ದಳು. ಸ್ವಲ್ಪದರಲ್ಲೇ ಗೆದ್ದಳು, ಆದರೂ ಗೆದ್ದಳು. ಎಣಿಕೆ ಕೇಂದ್ರದ ಹೊರಗೆ ತಮಟೆ ಹೊಡೆದು ಕುಣಿದೆವು. ಹಾರ ಹಿಡಿದು ಹೋದರೆ ನನ್ನ ಕೈ ಹಿಡಿದು ತಡೆದಳು.

“ನೀನು ಗೆಲ್ಸಿದ್ದೀಯ ಮಂಚಕ್ಕ, ಸರಿ. ಆದ್ರೆ ಬೀದೀಲಿ ಏನಂತಾವ್ರೆ ಗೊತ್ತಾ? ಹಜರತ್ ಯೋಗೇಂದ್ರನ ಕೈಯಿಂದ ತುದಿ ಕಿತ್ಕೊಂಡು ನಮ್ಗೆ ಕೊಟ್ರು ಅಂತ. ಮೂರು ತಿಂಗ್ಳು ಮನೆಮನೆ ತಿರುಗಿದ್ದು ಯಾರ್ ಬಾಯಲ್ಲೂ ಇಲ್ಲ. ನಾನೀಗ ಪೀರ್ ಸಾಹೇಬ್ರ ಮೆಂಬರ್ರು.”

ಕೊಟ್ಟ ಮಾತು ಮುರಿದಿದ್ದು ತಪ್ಪು ಅಂದೆ. ಎಲ್ಲರ ಎದುರಿಗೇ ಅಂದೆ. ಅವಳು, “ಐದು ವರ್ಷ ಕೆಲ್ಸ ಮಾಡಿ ಈ ಓಟ್ನ ನನ್ ಓಟು ಮಾಡ್ಕೋತೀನಿ, ಬುಡು,” ಅಂದು ಹೋದಳು. ಸಂಘಕ್ಕೆ ಬರುತ್ತಾಳೆ, ನನ್ನ ಪಕ್ಕ ಕೂರುವುದಿಲ್ಲ. ಕೂರುತ್ತಾಳೆ, ಸಮಯ ಬೇಕು. ಅವಳ ಸಿಟ್ಟು ಸರಿಯಾದ ಸಿಟ್ಟು. ಅಂಥ ಸಿಟ್ಟು ಕಲಿಸಿದವರು ನಾವೇ.

ಇನ್ನೊಂದು ಕೇಳು, ನಗಬೇಡ. ಮೊನ್ನೆ ಒಂಟಿಕೊಪ್ಪಲಿನಿಂದ ಶಿವಕಿರಣ್ ಅಂತ ಒಬ್ಬ ಬಂದಿದ್ದ, ಯಾವನೋ ದೊಡ್ಡ ಮನುಷ್ಯನ ಕಡೆಯವನು. ಸೇಬಿನ ಬುಟ್ಟಿ, ಶಾಲು, ಒಂದು ಅಡ್ಡಬಿದ್ದ ನಮಸ್ಕಾರ. “ಅಮ್ಮಾವ್ರೇ, ಬರೋ ವರ್ಷ ಲೋಕಸಭೆ ಅಲ್ವ್ರಾ, ಅದಕ್ ಮುಂಚೆ ಒಂದು ವಿಶೇಷ ಚಾದರ ಮಾಡಿಸ್ಬುಡಾಣ. ನಾಲ್ಕನೇ ತುದೀಗೆ ನಿಮ್ಮ ಮನೆ ಪರವಾಗಿ ನಮ್ ಸಾಹೇಬ್ರನ್ನ ಕಳಿಸ್ಕೊಟ್ರೆ ಆಯ್ತು” ಅಂದ. ಬುಟ್ಟಿ ಸಮೇತ ಬೀದಿಗೆ ಅಟ್ಟಿದೆ. ಬಾಗಿಲು ಹಾಕಿಕೊಂಡು ಕೂತಾಗ ಹೊಳೆಯಿತು: ಗಾಂಧಿನಗರದ ಶೀಟಿನ ಮನೆಯಲ್ಲಿ ನಾನೂ ಒಂದು ದರ್ಗಾ ಮನೆತನ ಆಗಿಬಿಟ್ಟೆನಲ್ಲ! ನಿನ್ನ ತಮ್ಮನ ಬಾಗಿಲಿಗೆ ಇಪ್ಪತ್ತೊಂಬತ್ತು ವರ್ಷದಿಂದ ಈ ಬುಟ್ಟಿ ಬರುತ್ತಿದೆ. ನನಗೆ ಅಟ್ಟಲು ಬಂತು, ಯಾಕೆಂದರೆ ನನ್ನ ಬೀದಿಯ ಹನ್ನೆರಡು ಜನ ಠಾಣೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಏನು ಮಾಡುತ್ತಿದ್ದೆ? ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರೆಯಲು ನನಗೆ ಎಷ್ಟು ಕಷ್ಟ ಅಂತ ನಿನಗೆ ಗೊತ್ತು.

ಸಾಕು, ಕೈ ನೋಯುತ್ತಿದೆ. ಮೊಣಕಾಲಿಗೆ ಬೆಚ್ಚಗೆ ಎಣ್ಣೆ ತಿಕ್ಕಿಸಿಕೋ, ಮೆಟ್ಟಿಲು ಹತ್ತಬೇಡ. ನಿನ್ನ ಹತ್ತಿರ ಕಲಿಯುವ ಮಕ್ಕಳೆಲ್ಲ ಎದ್ದು ನಿಂತು ಪ್ರಶ್ನೆ ಕೇಳುವವರಾಗಲಿ. ನಿನ್ನ ಮನೆಯ ದೀಪ, ನಿನ್ನ ಕಣ್ಣಿನ ಬೆಳಕು, ನಿನ್ನ ಕೆಟ್ಟ ಹಾಸ್ಯ ಎಲ್ಲವೂ ಚೆನ್ನಾಗಿರಲಿ.

ನಿನ್ನ,
ಮಂಚಿ

ಮರೆತ ಮಾತು: ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಇದನ್ನು ಬರೆಯಬೇಕೆಂದೇ ಕೂತೆ, ಇಷ್ಟು ಹಾಳೆ ಸುತ್ತಾಡಿ ಬಂದೆ. ಉರುಸು ಮುಗಿದು ಜನ ಚದುರಿದ ಮೇಲೆ ಮುರ್ತುಜಾನಿಗೆ ಅಂದೆ: ಎಲ್ಲಾ ಸರಿ, ಆದರೆ ನನ್ನ ಜೈಬುವನ್ನು ಬೀದರಿನ ಸೋದರತ್ತೆ ಮನೆಗೆ ಓಡಿಸಿದಿರಲ್ಲ, ಅದನ್ನು ಮಾತ್ರ ಕ್ಷಮಿಸಲ್ಲ. ಇಪ್ಪತ್ತೊಂಬತ್ತು ವರ್ಷ ನಾನು ವೇದಿಕೆಗಳ ಮೇಲೆ ಹೇಳಿಕೊಂಡು ಬಂದದ್ದು ಅದನ್ನೇ. ಅವನು ನನ್ನನ್ನೇ ನೋಡಿದ. “ನಾವು ಓಡಿಸ್ಲಿಲ್ಲ ಮಂಚಕ್ಕ. ಅಪ್ಪ ಹೋದ ವರ್ಷದ ಉರುಸಿನ ಹಿಂದಿನ ದಿನ ನಿನ್ ಸಂಘದಿಂದ ಬಂದ್ಲು. ಬಂದವಳೇ ಟಿಕೆಟ್ ತೆಗೆಸಿಕೊಡು ಅಂದ್ಲು. ಯಾಕೆ ಅಂತ ಇವತ್ತಿಗೂ ಹೇಳಿಲ್ಲ.”

ಯಾಕೆ ಅಂತ ನನಗೆ ಗೊತ್ತು. ಅವತ್ತು ನೀನು ಬಾಗಿಲಲ್ಲಿ ನಿಂತು ಕೇಳಿದ್ದೆ: “ನೀನಂತೂ ಹೋಗಲ್ಲ. ನಿನ್ನ ಮನೆ ಪರವಾಗಿ ಒಂದೇ ಒಂದು ಸಲ ನನ್ನ ಕಳಿಸೇ ಮಂಚಿ.” ನಾನು ಎಲ್ಲ ಹೆಂಗಸರ ಮುಂದೆ ನಕ್ಕು, “ಇಡೀ ಚಾದರ ಹರಿದು ಹಾಕಾಣ ಬಾ ಅಂದ್ರೆ ನೀನು ತುದಿ ಕೇಳ್ತೀಯಲ್ಲೇ, ಪೀರರ ಮಗಳು ಪೀರರ ಮಗಳೇ” ಅಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ನೀನು ಕೇಳಿದ್ದು ಅಪ್ಪನ ಗೋರಿಯ ಹತ್ತಿರ ಒಂದು ಸಲ ನಿಲ್ಲುವುದಕ್ಕೆ ಅಂತ, ಆ ಬಿಳಿ ಕಲ್ಲಿನ ಮುಂದೆ ನಾನೇ ನಿಂತಾಗ ಗೊತ್ತಾಯಿತು.

ಮುರ್ತುಜಾನಿಗೆ ಹೇಳಿದ್ದೇನೆ, ಬರುವ ಆಗಸ್ಟಿನ ಉರುಸಿಗೆ ನಮ್ಮ ಮನೆಯಿಂದ ನೀನು. ಅಂದಿನಿಂದ ನೀನಿರುವ ತನಕ ನೀನೇ, ಇನ್ಯಾವ ಸಾಹೇಬನಿಗೂ ಅಲ್ಲಿ ಜಾಗ ಇಲ್ಲ. “ನಮ್ಮನೆ ಹೆಣ್ಮಕ್ಕಳು ಒಳಗೆ ಬರಂಗಿಲ್ಲಕ್ಕ,” ಅಂದ. “ಬರೋಳು ನಿಮ್ಮನೆಯೋಳಲ್ಲ ಕಣೋ, ಮಂಚಮ್ಮನ ಮನೆಯೋಳು,” ಅಂದೆ. ಅವನು ಕಣ್ಣೊರೆಸಿಕೊಂಡು, “ಬೀದರಿನ ರೈಲು ಎಷ್ಟು ಹೊತ್ತಿಗೆ ಬರುತ್ತಕ್ಕ?” ಅಂತ ಕೇಳಿದ.

ಬಾ. ನನ್ನ ಹೆಸರು ಕೂಗುತ್ತಾರೆ. ಮೂರನೇ ಸಲದ ತನಕ ಕಾಯಬೇಡ.